ಸ್ತ್ರೀ ವಿಭಾಗದ ಬಾಗಿಲು ಕಾಯುವವರು ಯಾರು? ಅಥ್ಲೆಟಿಕ್ಸ್‌ನ ಲಿಂಗ ಪರೀಕ್ಷೆ, ಅಧಿಕಾರ, ಸಮಾಜ ಸಿದ್ಧಾಂತ

ಸಂಜೆಓದು

ಎಂ.ಎ. ಸಮಾಜಶಾಸ್ತ್ರದ ಸೆಮಿನಾರ್‌ಗೆ 20 ನಿಮಿಷದ ಪ್ರಬಂಧ ಸಿದ್ಧವಾಗಬೇಕು. ವಿಷಯ: ಓಟದ ಸ್ಪರ್ಧೆಗಳಲ್ಲಿ ಲಿಂಗ ಪರೀಕ್ಷೆ. ದೇಹದಲ್ಲಿ ಟೆಸ್ಟೋಸ್ಟಿರೋನ್ (ಪುರುಷರಲ್ಲಿ ಹೆಚ್ಚಿರುವ ಹಾರ್ಮೋನ್) ಸಹಜವಾಗಿಯೇ ಹೆಚ್ಚಿದೆ ಎಂದು ತಡೆಯಲ್ಪಟ್ಟ ಇಬ್ಬರು ಓಟಗಾರ್ತಿಯರ, ಅಂದರೆ ಒಡಿಶಾದ ದ್ಯುತಿ ಚಂದ್ ಮತ್ತು ದಕ್ಷಿಣ ಆಫ್ರಿಕಾದ ಕ್ಯಾಸ್ಟರ್ ಸೆಮೆನ್ಯಾ ಅವರ ಪ್ರಕರಣಗಳನ್ನು ಆರಿಸಿಕೊಂಡಿದ್ದೇನೆ, ಸಿದ್ಧಾಂತಕ್ಕೆ ಫ್ರೆಂಚ್ ಚಿಂತಕ ಫೂಕೋ. ಸದ್ಯಕ್ಕೆ ಇರುವ ವಾದ ಇಷ್ಟೇ: "ಕ್ರೀಡಾ ಸಂಸ್ಥೆಗಳು ಮಹಿಳೆಯರ ದೇಹವನ್ನು ನಿಯಂತ್ರಿಸುತ್ತವೆ." ಇದನ್ನು ಯಾರೂ ಅಲ್ಲಗಳೆಯುವುದಿಲ್ಲ, ಹಾಗಾಗಿ ವಾದವೇ ಆಗಿಲ್ಲ ಅನಿಸುತ್ತಿದೆ. ಮೂರು ಪ್ರಶ್ನೆಗಳು.

ಯಾವ ಸಿದ್ಧಾಂತ ಯಾವ ಹಂತಕ್ಕೆ ಕೂರುತ್ತದೆ? ಟೆಸ್ಟೋಸ್ಟಿರೋನ್ ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು? "ನ್ಯಾಯಯುತ ಸ್ಪರ್ಧೆ ಬೇಡವೇ" ಎಂದು ಸಭೆಯಲ್ಲಿ ಯಾರಾದರೂ ಎದ್ದು ಕೇಳಿದರೆ ಏನು ಹೇಳುವುದು?

ಎಂಟುನೂರು_ಮೀಟರ್

ಮೊದಲು "ಲಿಂಗ ಪರೀಕ್ಷೆ" ಅಂತ ಏಕವಚನದಲ್ಲಿ ಬರೆಯುವುದನ್ನು ಬಿಡಿ. ಅರವತ್ತು ವರ್ಷಗಳಲ್ಲಿ ಹಲವು ಪರೀಕ್ಷೆಗಳು ಬಂದು ಹೋಗಿವೆ, ಒಂದೊಂದೂ ಹುಡುಕಿದ್ದು ಬೇರೆ ಬೇರೆ ವಸ್ತುವನ್ನು.

1966ರ ಬುಡಾಪೆಸ್ಟ್ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಓಟಗಾರ್ತಿಯರು ವೈದ್ಯರ ಮುಂದೆ ಬೆತ್ತಲಾಗಿ ನಿಲ್ಲಬೇಕಾಯಿತು. ಅದೇ ವರ್ಷ ಕಿಂಗ್‌ಸ್ಟನ್‌ನ ಕಾಮನ್ವೆಲ್ತ್ ಕ್ರೀಡಾಕೂಟದಲ್ಲಿ ಕೈಯಿಂದ ಮುಟ್ಟಿ ನೋಡುವ ಸ್ತ್ರೀರೋಗ ತಪಾಸಣೆ. ಅವಮಾನದ ದೂರು ಬಂದ ಮೇಲೆ "ವೈಜ್ಞಾನಿಕ" ವಿಧಾನ ಬಂತು. 1967ರಲ್ಲಿ ಕೀವ್‌ನಲ್ಲಿ ಪೋಲೆಂಡಿನ ಎವಾ ಕ್ಲೊಬುಕೋವ್ಸ್ಕಾ ವರ್ಣತಂತು ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. 1968ರ ಒಲಿಂಪಿಕ್ಸ್‌ನಿಂದ ಕೆನ್ನೆಯ ಒಳಗಿನ ಜೀವಕೋಶ ಕೆರೆದು ಬಾರ್ ಕಾಯ ಹುಡುಕುವ ಪದ್ಧತಿ. ಬಾರ್ ಕಾಯ ಎಂದರೆ ಎರಡು ಎಕ್ಸ್ ವರ್ಣತಂತುಗಳಲ್ಲಿ ನಿಷ್ಕ್ರಿಯವಾದದ್ದು ಸೂಕ್ಷ್ಮದರ್ಶಕದಲ್ಲಿ ಚುಕ್ಕೆಯಾಗಿ ಕಾಣುವುದು. ಇದರ ಎಡವಟ್ಟು ನೋಡಿ: ಎಕ್ಸ್‌ಎಕ್ಸ್‌ವೈ ಇರುವ ಪುರುಷ ಇದರಲ್ಲಿ ಪಾಸು, ಒಂದೇ ಎಕ್ಸ್ ಇರುವ ಟರ್ನರ್ ಸಿಂಡ್ರೋಮ್‌ನ ಹೆಣ್ಣು ಫೇಲು.

1985ರಲ್ಲಿ ಕೋಬೆ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಸ್ಪೇನ್‌ನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಜ್ ಪಟಿನೊ ಸಿಕ್ಕಿಬಿದ್ದದ್ದು ಹೀಗೆಯೇ. ವರ್ಣತಂತು ಎಕ್ಸ್‌ವೈ, ಆದರೆ ಅವರ ಜೀವಕೋಶಗಳು ಟೆಸ್ಟೋಸ್ಟಿರೋನ್‌ಗೆ ಸ್ಪಂದಿಸುವುದೇ ಇಲ್ಲ. ಗಾಯದ ನೆಪ ಹೇಳಿ ಸದ್ದಿಲ್ಲದೆ ಸರಿದುಕೊಳ್ಳಿ ಎಂಬ ಸಲಹೆ ಬಂತು. ಒಪ್ಪದಿದ್ದಾಗ ವಿಷಯ ಪತ್ರಿಕೆಗೆ ಸೋರಿತು, ದಾಖಲೆಗಳು ಅಳಿಸಿಹೋದವು. 1988ರಲ್ಲಿ ಅರ್ಹತೆ ಮರಳಿತು, ಅಷ್ಟರಲ್ಲಿ ಓಟದ ಒಳ್ಳೆಯ ವರ್ಷಗಳು ಮುಗಿದಿದ್ದವು.

1992ರ ಆಲ್ಬರ್ಟ್‌ವಿಲ್‌ನಿಂದ ವೈ ವರ್ಣತಂತುವಿನಲ್ಲಿರುವ ಎಸ್‌ಆರ್‌ವೈ ಜೀನ್ ಹುಡುಕುವ ಪಿಸಿಆರ್ (ಡಿಎನ್‌ಎ ಹಿಗ್ಗಿಸಿ ನೋಡುವ ಪರೀಕ್ಷೆ). 1996ರ ಅಟ್ಲಾಂಟಾದಲ್ಲಿ 3387 ಮಹಿಳೆಯರಲ್ಲಿ 8 ಮಂದಿಗೆ ಪಾಸಿಟಿವ್, ಎಂಟೂ ಮಂದಿಗೆ ಸ್ಪರ್ಧಿಸಲು ಅನುಮತಿ. ಒಲಿಂಪಿಕ್ ಸಮಿತಿ 1999ರಲ್ಲಿ ಸಾಮೂಹಿಕ ಪರೀಕ್ಷೆ ಕೈಬಿಟ್ಟಿತು.

ಆಮೇಲಿನದು ಸಂಶಯದ ಕಾಲ. ಎಲ್ಲರನ್ನೂ ನೋಡುವುದಿಲ್ಲ, "ಅನುಮಾನ" ಬಂದವರನ್ನು ಮಾತ್ರ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 800 ಮೀಟರ್ ಬೆಳ್ಳಿ ಗೆದ್ದ ಶಾಂತಿ ಸೌಂದರರಾಜನ್, 2009ರ ಬರ್ಲಿನ್‌ನಲ್ಲಿ ಸೆಮೆನ್ಯಾ, 2014ರಲ್ಲಿ ಗ್ಲಾಸ್ಗೋ ಕಾಮನ್ವೆಲ್ತ್ ತಂಡದಿಂದ ಕೈಬಿಡಲಾದ ದ್ಯುತಿ, ಮೂವರೂ ಈ ಕಾಲದವರು. ಈಗ ಮತ್ತೆ ತಿರುವು: 2025ರ ಸೆಪ್ಟೆಂಬರ್ 1ರಿಂದ ಸ್ತ್ರೀ ವಿಭಾಗದಲ್ಲಿ ವಿಶ್ವ ಶ್ರೇಯಾಂಕದ ಸ್ಪರ್ಧೆಗೆ ಇಳಿಯುವವರೆಲ್ಲ ಜೀವಮಾನದಲ್ಲಿ ಒಮ್ಮೆ ಎಸ್‌ಆರ್‌ವೈ ಪರೀಕ್ಷೆ ಮಾಡಿಸಬೇಕು. 1992ರಲ್ಲಿ ಬಂದು 1999ರಲ್ಲಿ ಹೋದ ಅದೇ ಜೀನ್.

ರಕ್ತಮಾದರಿ

ಎರಡನೇ ಪ್ರಶ್ನೆಗೆ ನನ್ನ ಉತ್ತರ.

ಮೊದಲು ಮಾನ. ಈ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ವಿಶ್ವ ಅಥ್ಲೆಟಿಕ್ಸ್‌ನ ಟೆಸ್ಟೋಸ್ಟಿರೋನ್ ನಿಯಮಗಳು ನ್ಯಾನೊಮೋಲ್ ಪ್ರತಿ ಲೀಟರ್‌ನಲ್ಲಿವೆ, ನಮ್ಮ ಲ್ಯಾಬ್ ವರದಿಗಳು ಹೆಚ್ಚಾಗಿ ನ್ಯಾನೊಗ್ರಾಂ ಪ್ರತಿ ಡೆಸಿಲೀಟರ್‌ನಲ್ಲಿ. ಲೀಟರ್‌ಗೆ 1 ನ್ಯಾನೊಮೋಲ್ ಅಂದರೆ ಡೆಸಿಲೀಟರ್‌ಗೆ ಸುಮಾರು 28.8 ನ್ಯಾನೊಗ್ರಾಂ. ಹಾಗಾಗಿ ಸ್ತ್ರೀ ವಿಭಾಗದಲ್ಲಿ ಓಡಲು ಇದಕ್ಕಿಂತ ಕೆಳಗಿರಬೇಕು ಎಂದ ಮಿತಿಗಳಲ್ಲಿ 2011ರ 10 ಅಂದರೆ 288, 2018ರ 5 ಅಂದರೆ 144, 2023ರ 2.5 ಅಂದರೆ 72. ಮಾನ ಬರೆಯದೆ ಈ ಅಂಕಿಗಳನ್ನು ಒಂದೇ ಕೋಷ್ಟಕಕ್ಕೆ ತುಂಬಿದ ಪ್ರಬಂಧಗಳಿಗೆ ಲೆಕ್ಕವಿಲ್ಲ.

2018ರ ನಿಯಮದ ಜೊತೆ ಸಂಸ್ಥೆ ಕೊಟ್ಟ ವ್ಯಾಪ್ತಿ: ಮಹಿಳೆಯರಲ್ಲಿ 0.12ರಿಂದ 1.79, ಪುರುಷರಲ್ಲಿ 7.7ರಿಂದ 29.4 (ನ್ಯಾನೊಮೋಲ್ ಪ್ರತಿ ಲೀಟರ್). ನಡುವೆ ದೊಡ್ಡ ಖಾಲಿ ಜಾಗ ಇದೆ ಎಂಬುದೇ ಅವರ ಮುಖ್ಯ ವಾದ. ಪಿಸಿಒಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ತೊಂದರೆ) ಇರುವ ಮಹಿಳೆಯರು 1.79 ದಾಟಬಹುದು, ಆದರೆ 5ರ ಗಡಿ ಅವರನ್ನು ತಾಕದಷ್ಟು ಮೇಲಿದೆ. ಇದು ಒಪ್ಪಬೇಕಾದ ಮಾತು. ಅಳೆಯುವ ವಿಧಾನವೂ ಮುಖ್ಯ. ಆಸ್ಪತ್ರೆಗಳ ಸಾಮಾನ್ಯ ಇಮ್ಯುನೊಅಸ್ಸೇ (ಪ್ರತಿಕಾಯ ಬಳಸುವ ರಕ್ತಪರೀಕ್ಷೆ) ಕಡಿಮೆ ಮಟ್ಟಗಳಲ್ಲಿ, ಅಂದರೆ ಮಹಿಳೆಯರ ಮಟ್ಟದಲ್ಲೇ, ಬೇರೆ ಸ್ಟಿರಾಯ್ಡ್‌ಗಳನ್ನೂ ಟೆಸ್ಟೋಸ್ಟಿರೋನ್ ಎಂದು ಎಣಿಸಿಬಿಡುತ್ತದೆ. ಆದ್ದರಿಂದಲೇ ನಿಯಮ ಕೇಳಿದ್ದು ಮಾಸ್ ಸ್ಪೆಕ್ಟ್ರೊಮೆಟ್ರಿ, ಅಂದರೆ ಅಣುವಿನ ತೂಕದಿಂದ ಗುರುತಿಸುವ ವಿಧಾನ.

ರಕ್ತದಲ್ಲಿ ಎಷ್ಟಿದೆ ಅನ್ನುವುದು ಅರ್ಧ ಕಥೆ ಮಾತ್ರ. ಜೀವಕೋಶದ ಗ್ರಾಹಕಗಳು (ಹಾರ್ಮೋನ್ ಹಿಡಿದುಕೊಳ್ಳುವ ಭಾಗಗಳು) ಅದನ್ನು ಎಷ್ಟು ಬಳಸಿಕೊಳ್ಳುತ್ತವೆ ಅನ್ನುವುದು ಇನ್ನರ್ಧ. ಗ್ರಾಹಕ ಪೂರ್ತಿ ಕೆಲಸ ಮಾಡದಿದ್ದರೆ 20 ಇದ್ದರೂ ಸ್ನಾಯುವಿಗೆ ಲಾಭ ಸೊನ್ನೆ. ಭಾಗಶಃ ಕೆಲಸ ಮಾಡಿದರೆ? ಅಲ್ಲಿ ನೇರವಾದ ಅಳತೆಗೋಲು ಇಲ್ಲ, ತಜ್ಞರ ಸಮಿತಿ ದೇಹ ನೋಡಿ ಅಂದಾಜು ಮಾಡುತ್ತದೆ. ಅಂಕಿಯಿಂದ ಶುರುವಾದದ್ದು ತಿರುಗಿ ಕಣ್ಣಿಗೇ ಬಂದು ನಿಲ್ಲುತ್ತದೆ.

ಎಸ್‌ಆರ್‌ವೈ ಬಗ್ಗೆ: ವೃಷಣ ಬೆಳೆಯಲು ಆರಂಭದ ಸೂಚನೆ ಕೊಡುವ ಜೀನ್ ಇದು. ಅದು ಇದೆಯೇ ಇಲ್ಲವೇ ಎಂದಷ್ಟೇ ಪರೀಕ್ಷೆ ಹೇಳುತ್ತದೆ. ವೃಷಣ ಬೆಳೆಯಿತೇ, ಹಾರ್ಮೋನ್ ಬಂತೇ, ದೇಹ ಬಳಸಿತೇ, ಹೇಳುವುದಿಲ್ಲ. 1990ರಲ್ಲಿ ಈ ಜೀನ್ ಕಂಡುಹಿಡಿದ ತಂಡದ ಆಂಡ್ರ್ಯೂ ಸಿಂಕ್ಲೇರ್ ಅವರೇ 2025ರಲ್ಲಿ ಇದರ ಬಳಕೆಯನ್ನು ಬಹಿರಂಗವಾಗಿ ವಿರೋಧಿಸಿದರು. ಇನ್ನೊಂದು ತಾಂತ್ರಿಕ ತೊಡಕು, ಪಿಸಿಆರ್ ಒಂದೆರಡು ಜೀವಕೋಶವನ್ನೂ ಹಿಗ್ಗಿಸಿ ತೋರಿಸುತ್ತದೆ. ಮಾದರಿ ತೆಗೆಯುವ ಪುರುಷ ಸಿಬ್ಬಂದಿಯ ಚರ್ಮದ ಕಣ ಬಿದ್ದರೂ ಸುಳ್ಳು ಪಾಸಿಟಿವ್ ಬರಬಹುದು. ಹಾಗಾಗಿ ಎರಡನೇ ಮಾದರಿಯಿಂದ ದೃಢೀಕರಣ ಆಗುವವರೆಗೆ ಯಾರಿಗೂ ಏನೂ ಹೇಳಬಾರದು.

ಮೂರನೇಬೆಂಚು

ಈಗ ಸಿದ್ಧಾಂತ. ಮೇಲಿನ ಎರಡು ಉತ್ತರಗಳಿಂದಲೇ ನಿಮ್ಮ ವಾದ ಹೊರಡುತ್ತದೆ, ಸಂಜೆಓದು ಅವರೇ.

ಫೂಕೋನಲ್ಲಿ "ಪರೀಕ್ಷೆ" ಎಂಬ ಪರಿಕಲ್ಪನೆ ಇದೆ: ನೋಡುವುದು, ದಾಖಲಿಸುವುದು, ಸಾಮಾನ್ಯ ಇಷ್ಟು ಎಂದು ಗೆರೆ ಎಳೆಯುವುದು, ಮೂರೂ ಒಂದೇ ಕ್ರಿಯೆಯಲ್ಲಿ. ಅದು 1968–1999ರ ಕಾಲಕ್ಕೆ ಸರಿಯಾಗಿ ಹೊಂದುತ್ತದೆ. ಎಲ್ಲರೂ ಸಾಲಿನಲ್ಲಿ ನಿಂತು ಕೆನ್ನೆ ಕೆರೆಸಿಕೊಂಡು "ಸ್ತ್ರೀತ್ವದ ಪ್ರಮಾಣಪತ್ರ" ಪಡೆದು ಅದನ್ನು ಕೂಟದಿಂದ ಕೂಟಕ್ಕೆ ಒಯ್ಯುತ್ತಿದ್ದರು. ವಿನಾಯಿತಿಯೂ ಗಮನಿಸಬೇಕಾದ್ದೇ: 1976ರ ಮಾಂಟ್ರಿಯಲ್‌ನಲ್ಲಿ ಕುದುರೆ ಸವಾರಿಗೆ ಬಂದಿದ್ದ ಬ್ರಿಟನ್ನಿನ ರಾಜಕುಮಾರಿ ಆ್ಯನ್ ಪರೀಕ್ಷೆಗೆ ಒಳಗಾಗಲಿಲ್ಲ.

2011–2025ರ ನಡುವಿನ ವ್ಯವಸ್ಥೆಗೆ ಆ ಚೌಕಟ್ಟನ್ನು ಹಾಗೇ ಹೊರಿಸಬೇಡಿ. ಅಲ್ಲಿ ಎಲ್ಲರ ಮೇಲೂ ಕಣ್ಣಿಲ್ಲ. ಯಾರೋ ದೂರುತ್ತಾರೆ: ಸಹಸ್ಪರ್ಧಿ, ಕೋಚ್, ಡೋಪಿಂಗ್ ಮೂತ್ರ ಮಾದರಿ ತೆಗೆಯುವಾಗ ಎದುರು ನಿಂತ ಅಧಿಕಾರಿ. ಸಂಶಯ ಹುಟ್ಟುವುದು ಧ್ವನಿ, ದವಡೆ, ಎದೆ, ಭುಜ ನೋಡಿ. ಇಲ್ಲಿ ಕೆಲಸಕ್ಕೆ ಬರುವುದು ಫ್ರೆಂಚ್ ಸಮಾಜಶಾಸ್ತ್ರಜ್ಞ ಬೂರ್ದಿಯೋ: ಹೆಣ್ಣು ಹೀಗೆ ಕಾಣಬೇಕು ಎಂಬುದು ಯಾರೂ ಬಾಯಿಬಿಟ್ಟು ಹೇಳದ, ಪ್ರಶ್ನೆಯೇ ಆಗದ ಒಪ್ಪಂದ. ನಿಯಮಪುಸ್ತಕ ಟೆಸ್ಟೋಸ್ಟಿರೋನ್ ಅನ್ನುತ್ತದೆ, ಬಾಗಿಲು ತೆರೆಯುವ ಕೀಲಿ ಮಾತ್ರ ಮುಖಲಕ್ಷಣ.

ಸಮಾಜಶಾಸ್ತ್ರಜ್ಞೆ ಕಾನೆಲ್‌ಳ ಯಜಮಾನಿಕೆಯ ಪುರುಷತ್ವವನ್ನು (ಒಂದು ಬಗೆಯ ಗಂಡಸುತನವನ್ನೇ ಎಲ್ಲಕ್ಕಿಂತ ಮೇಲಿಡುವ ವ್ಯವಸ್ಥೆ) ಒಂದೇ ಜಾಗದಲ್ಲಿ ಬಳಸಿ: ಪುರುಷ ವಿಭಾಗಕ್ಕೆ ಮೇಲ್ಮಿತಿ ಇಲ್ಲ. ಹೊರಗಿನಿಂದ ಚುಚ್ಚಿಕೊಂಡರೆ ಡೋಪಿಂಗ್, ಹುಟ್ಟಿನಿಂದ ಎಷ್ಟಿದ್ದರೂ ಪ್ರತಿಭೆ. ಸಮಾಜಶಾಸ್ತ್ರಜ್ಞ ಗಾರ್ಫಿಂಕೆಲ್ ವಿವರಿಸಿದ ಸಾರ್ವಜನಿಕ ಪದಚ್ಯುತಿಯ ವಿಧಿಗೆ ಶಾಂತಿ ಪ್ರಕರಣ ಸಾಕು: ಪದಕ ಮರಳಿ ಪಡೆದ ಸುದ್ದಿ ದೇಶಕ್ಕೆಲ್ಲ ಟಿವಿಯಲ್ಲಿ ಬಿತ್ತರವಾಯಿತು. ಲಿಂಗವೇ ನಡೆನುಡಿಯಿಂದ ಕಟ್ಟಿದ್ದು ಎನ್ನುವ ಬಟ್ಲರ್ ಬೇಡ ಅಂತಲ್ಲ, 20 ನಿಮಿಷಕ್ಕೆ ಭಾರ ಜಾಸ್ತಿ.

ಸ್ಪೈಕ್ಸ್

ಇಷ್ಟು ಹೊತ್ತಾದರೂ ಸ್ತ್ರೀ ವಿಭಾಗ ಯಾಕಿದೆ ಎಂದು ಒಬ್ಬರೂ ಹೇಳಲಿಲ್ಲ. 800 ಮೀಟರ್ ವಿಶ್ವದಾಖಲೆ ಪುರುಷರದ್ದು 1:40.91, ಮಹಿಳೆಯರದ್ದು 1:53.28. ಅಂತರ ಶೇ 12ಕ್ಕೂ ಹೆಚ್ಚು. ಪ್ರೌಢಾವಸ್ಥೆಯ ಹಾರ್ಮೋನ್ ಬಿಟ್ಟರೆ ಇದಕ್ಕೆ ಇನ್ನೇನು ಕಾರಣ? ಬೇಲಿ ಕಿತ್ತರೆ ಫೈನಲ್‌ನಲ್ಲಿ ಒಬ್ಬ ಹೆಣ್ಣೂ ಉಳಿಯಲ್ಲ. ಬೇಲಿ ಇರಬೇಕು ಅಂದರೆ ಅದರ ಗಡಿಯನ್ನು ಯಾರಾದರೂ ಗುರುತಿಸಲೇಬೇಕು. ಎತ್ತರದವರಿಗೆ, ಉದ್ದ ತೋಳಿನವರಿಗೆ ಮಿತಿ ಇಲ್ಲವಲ್ಲ ಅನ್ನುವ ವಾದವೂ ನಿಲ್ಲಲ್ಲ. ಎತ್ತರಕ್ಕೆ ಬೇರೆ ವಿಭಾಗವೇ ಇಲ್ಲ, ಲಿಂಗಕ್ಕೆ ಇದೆ. ಸೆಮೆನ್ಯಾ ಚಿನ್ನ ಗೆದ್ದ 2016ರ ರಿಯೊ 800 ಮೀಟರ್‌ನಲ್ಲಿ ನಾಲ್ಕನೇ, ಐದನೇ ಸ್ಥಾನ ಬಂದ ಹುಡುಗಿಯರ ಪರವಾಗಿ ನಿಮ್ಮ ಫೂಕೋ ಏನು ಹೇಳ್ತಾನೆ?

ಮೂರನೇಬೆಂಚು

ಫೂಕೋ ಏನೂ ಹೇಳುವುದಿಲ್ಲ, ಅದು ಆ ಚೌಕಟ್ಟಿನ ಕೊರತೆಯೇ. ಅಧಿಕಾರ ಹೇಗೆ ಹರಿಯುತ್ತದೆ ಎಂದು ತೋರಿಸುತ್ತಾನೆ, ಪದಕ ಯಾರಿಗೆ ಸಲ್ಲಬೇಕು ಎಂದಲ್ಲ. ಸ್ತ್ರೀ ವಿಭಾಗ ಇರುವುದು ರಕ್ಷಣೆಗಾಗಿ ಎಂಬುದು ಸ್ತ್ರೀವಾದಿ ವಾದವೇ, ಅದನ್ನು ಎದುರಾಳಿಗೆ ಬಿಟ್ಟುಕೊಡಬೇಕಿಲ್ಲ.

ಆದರೆ ನಿಮ್ಮ ಶೇ 12 ಇಲ್ಲಿ ನಿಜಕ್ಕೂ ಏನು ತೋರಿಸುತ್ತದೆ? ಅದು ಪುರುಷ–ಮಹಿಳೆ ನಡುವಿನ ಅಂತರ. ಸೆಮೆನ್ಯಾ ಅವರ ಅತ್ಯುತ್ತಮ ಸಮಯ 1:54.25. ಪುರುಷರ ದಾಖಲೆಗಿಂತ ಶೇ 13ರಷ್ಟು ಹಿಂದೆ, ಮಹಿಳೆಯರ ದಾಖಲೆಗಿಂತಲೂ ಹಿಂದೆ. ಅನುಕೂಲ ಇರಬಹುದು, ಅದು ಎಷ್ಟು ಎಂಬುದೇ ಪ್ರಶ್ನೆ. ರಕ್ಷಣೆಯ ಹೆಸರಿನಲ್ಲಿ ಬಾಗಿಲು ಮುಚ್ಚಿದ ಚರಿತ್ರೆಯೂ ಇದೇ ಓಟಕ್ಕಿದೆ: 1928ರ ಆಮ್‌ಸ್ಟರ್‌ಡಾಂನಲ್ಲಿ ಮಹಿಳೆಯರು 800 ಮೀಟರ್ ಓಡಿ ಕುಸಿದುಬಿದ್ದರೆಂದು ಪತ್ರಿಕೆಗಳು ಬರೆದವು. ಫೈನಲ್‌ನ ಒಂಬತ್ತೂ ಮಂದಿ ಓಟ ಮುಗಿಸಿದ್ದರು. ಆದರೂ 1960ರ ರೋಮ್‌ವರೆಗೆ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಆ ದೂರ ಸಿಗಲಿಲ್ಲ.

ಕಲಮು

"ಎಷ್ಟು" ಎಂಬ ಆ ಪ್ರಶ್ನೆಯ ಮೇಲೇ ದ್ಯುತಿ ಗೆದ್ದದ್ದು, ಸೆಮೆನ್ಯಾ ಸೋತದ್ದು. ಎರಡೂ ತೀರ್ಪುಗಳನ್ನು ಒಂದರ ಪಕ್ಕ ಒಂದಿಟ್ಟು ಓದಿ.

2015ರ ಜುಲೈ 24ರಂದು ಲಾಸಾನ್‌ನ ಕ್ರೀಡಾ ಪಂಚಾಯ್ತಿ ನ್ಯಾಯಾಲಯ ದ್ಯುತಿ ಪರ ಮಧ್ಯಂತರ ತೀರ್ಪು ಕೊಟ್ಟಿತು. ತರ್ಕ ಇದು: ನಿಯಮ ಮಹಿಳೆಯರಿಗೆ ಮಾತ್ರ ಅನ್ವಯ, ಹಾಗಾಗಿ ಮೇಲ್ನೋಟಕ್ಕೇ ತಾರತಮ್ಯ. ತಾರತಮ್ಯ ಸಮರ್ಥನೀಯ ಎಂದು ಸಾಬೀತು ಮಾಡುವ ಹೊಣೆ ಸಂಸ್ಥೆಯದು. ಪುರುಷ–ಮಹಿಳೆ ಅಂತರ ಶೇ 10–12 ಎಂಬುದಕ್ಕೆ ಸಾಕ್ಷ್ಯ ಇತ್ತು, ಆದರೆ ಟೆಸ್ಟೋಸ್ಟಿರೋನ್ ಹೆಚ್ಚಿರುವ ಮಹಿಳೆಗೆ ಇತರ ಮಹಿಳೆಯರ ಮೇಲೆ ಅಷ್ಟು ಅನುಕೂಲವಿದೆ ಎಂಬುದಕ್ಕೆ ಇರಲಿಲ್ಲ. ಎರಡು ವರ್ಷದೊಳಗೆ ಪುರಾವೆ ತನ್ನಿ ಎಂದು ನಿಯಮವನ್ನು ಅಮಾನತಿನಲ್ಲಿಟ್ಟರು. ದ್ಯುತಿ 2016ರಲ್ಲಿ ರಿಯೊದಲ್ಲಿ ಓಡಿದರು, 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ 100 ಮತ್ತು 200 ಮೀಟರ್ ಎರಡರಲ್ಲೂ ಬೆಳ್ಳಿ.

ಸಂಸ್ಥೆ 2018ರಲ್ಲಿ ಹೊಸ ನಿಯಮ ತಂದಿತು: 400 ಮೀಟರ್‌ನಿಂದ ಒಂದು ಮೈಲಿವರೆಗಿನ ಓಟಗಳಿಗೆ ಮಾತ್ರ, ಟೆಸ್ಟೋಸ್ಟಿರೋನ್ 5ಕ್ಕಿಂತ ಕೆಳಗೆ, ಸತತ 6 ತಿಂಗಳು. ದ್ಯುತಿಯ ಓಟಗಳು ಹೊರಗುಳಿದವು, ಸೆಮೆನ್ಯಾ ಅವರ ಓಟ ಒಳಗೆ ಬಂತು. 2019ರ ಮೇ 1ರಂದು 2–1 ಬಹುಮತದ ತೀರ್ಪು: ನಿಯಮ ತಾರತಮ್ಯದ್ದೇ, ಆದರೆ ಅಗತ್ಯ, ಸಮಂಜಸ, ಉದ್ದೇಶಕ್ಕೆ ತಕ್ಕ ಪ್ರಮಾಣದ್ದು. ಅದೇ ತೀರ್ಪಿನಲ್ಲಿ 1500 ಮೀಟರ್ ಮತ್ತು ಮೈಲಿ ಓಟಕ್ಕೆ ಪುರಾವೆ ತೆಳುವಾಗಿದೆ ಎಂಬ ಅಸಮಾಧಾನವೂ ದಾಖಲಾಗಿದೆ. ಸಂಸ್ಥೆ ಆ ಎರಡನ್ನೂ ಕೈಬಿಡಲಿಲ್ಲ.

ಸ್ವಿಸ್ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಮೇಲ್ಮನವಿ ತಳ್ಳಿಹಾಕಿತು. 2025ರ ಜುಲೈ 10ರಂದು ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠ ಸೆಮೆನ್ಯಾಗೆ ನ್ಯಾಯಯುತ ವಿಚಾರಣೆಯ ಹಕ್ಕು ಸಿಗಲಿಲ್ಲ ಎಂದಿತು. ಇದನ್ನು "ನಿಯಮ ರದ್ದಾಯಿತು" ಎಂದು ಬರೆಯಬೇಡಿ, ಆಗಿಲ್ಲ. ತಪ್ಪು ಕಂಡದ್ದು ಸ್ವಿಸ್ ನ್ಯಾಯಾಲಯದ ಪರಿಶೀಲನೆಯ ಬಿಗಿಯಲ್ಲಿ. ತಾರತಮ್ಯದ ಪ್ರಶ್ನೆಯನ್ನು ಮಹಾಪೀಠ ಎತ್ತಿಕೊಳ್ಳಲೇ ಇಲ್ಲ.

ಅಧಿಕಾರದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಗಮನಿಸದ ಎಳೆ ಇದು. ಕ್ರೀಡಾಪಟು ಈ ಕ್ರೀಡಾ ಪಂಚಾಯ್ತಿಗೆ ಒಪ್ಪಿ ಸಹಿ ಹಾಕದೆ ಓಡುವಂತೆಯೇ ಇಲ್ಲ, ಆದ್ದರಿಂದ ದಕ್ಷಿಣ ಆಫ್ರಿಕಾದವಳಿಗೂ ಒಡಿಶಾದವಳಿಗೂ ಕೊನೆಯ ನ್ಯಾಯಾಲಯ ಸ್ವಿಟ್ಜರ್ಲೆಂಡಿನಲ್ಲಿರುತ್ತದೆ.

ಪಿ_ಮೌಲ್ಯ

2018ರ ನಿಯಮದ ಬೆನ್ನೆಲುಬು 2017ರ ಬೆರ್ಮಾನ್–ಗಾರ್ನಿಯೆ ಅಧ್ಯಯನ. ಇಬ್ಬರೂ ಸಂಸ್ಥೆಗೆ ಸಂಬಂಧಪಟ್ಟವರೇ. 2011ರ ಡೇಗು, 2013ರ ಮಾಸ್ಕೋ ವಿಶ್ವ ಚಾಂಪಿಯನ್‌ಶಿಪ್‌ಗಳ ದತ್ತಾಂಶ ತೆಗೆದುಕೊಂಡು, ಪ್ರತಿ ಸ್ಪರ್ಧೆಯಲ್ಲೂ ಮುಕ್ತ ಟೆಸ್ಟೋಸ್ಟಿರೋನ್ (ರಕ್ತದ ಪ್ರೋಟೀನ್‌ಗೆ ಅಂಟಿಕೊಳ್ಳದ ಭಾಗ) ಹೆಚ್ಚಿರುವ ಮೂರನೇ ಒಂದು ಭಾಗವನ್ನು ಕಡಿಮೆ ಇರುವ ಮೂರನೇ ಒಂದು ಭಾಗದ ಜೊತೆ ಹೋಲಿಸಿದರು. ವ್ಯತ್ಯಾಸ ಕಂಡದ್ದು ಐದರಲ್ಲಿ: 400 ಮೀಟರ್ (ಶೇ 2.73), 400 ಮೀಟರ್ ಹರ್ಡಲ್ಸ್ (2.78), 800 (1.78), ಹ್ಯಾಮರ್ ಎಸೆತ (4.53), ಪೋಲ್ ವಾಲ್ಟ್ (2.94).

ಈಗ 2018ರ ನಿಯಮದ ಪಟ್ಟಿ ನೋಡಿ. ಅತಿ ಹೆಚ್ಚು ವ್ಯತ್ಯಾಸದ ಹ್ಯಾಮರ್ ಇಲ್ಲ, ಪೋಲ್ ವಾಲ್ಟ್ ಇಲ್ಲ. ವ್ಯತ್ಯಾಸವೇ ಕಾಣದ 1500 ಇದೆ. ಅಧ್ಯಯನ ಅಳೆದದ್ದು ಮುಕ್ತ ಟೆಸ್ಟೋಸ್ಟಿರೋನ್, ನಿಯಮ ಅಳೆದದ್ದು ಒಟ್ಟು ಟೆಸ್ಟೋಸ್ಟಿರೋನ್. ಮಹಿಳೆಯರ 21 ಸ್ಪರ್ಧೆಗಳಲ್ಲಿ ಶೇ 5ರ ಮಟ್ಟದಲ್ಲಿ ಹುಡುಕಿದರೆ ಆಕಸ್ಮಿಕವಾಗಿಯೇ ಒಂದರಲ್ಲಿ ಸಂಬಂಧ ಸಿಗುತ್ತದೆ (21 × 0.05 = 1.05), ಬಹು ಹೋಲಿಕೆಗೆ ತಿದ್ದುಪಡಿ ಮಾಡಿರಲಿಲ್ಲ. ಪೀಲ್ಕೆ, ಟಕ್ಕರ್, ಬೋಯ್ ಎಂಬ ಸ್ವತಂತ್ರ ಸಂಶೋಧಕರು ಮರುಪರಿಶೀಲಿಸಿದಾಗ ನಾಲ್ಕು ಸ್ಪರ್ಧೆಗಳ ದತ್ತಾಂಶದಲ್ಲಿ ಶೇ 17ರಿಂದ 33ರಷ್ಟು ದೋಷ ಸಿಕ್ಕಿತು. 2021ರಲ್ಲಿ ಲೇಖಕರು ಪ್ರಕಟಿಸಿದ ತಿದ್ದುಪಡಿಯಲ್ಲಿ ಈ ಫಲಿತಾಂಶ ಅನ್ವೇಷಣಾತ್ಮಕ, ಕಾರಣ–ಪರಿಣಾಮಕ್ಕೆ ಪುರಾವೆಯಲ್ಲ ಎಂದಿದ್ದಾರೆ.

ಸ್ಪೈಕ್ಸ್ ಅವರೇ, ಇದರಿಂದ ಟೆಸ್ಟೋಸ್ಟಿರೋನ್ ಲಾಭವೇ ಇಲ್ಲ ಅಂತ ಆಗಲ್ಲ. ಶರೀರಕ್ರಿಯೆಯ ಬೇರೆ ಸಾಕ್ಷ್ಯ ಬೇಕಾದಷ್ಟಿದೆ. ಆದರೆ ಗೆರೆ ಎಳೆದ ಜಾಗ ದತ್ತಾಂಶದ್ದಲ್ಲ, ತೀರ್ಮಾನದ್ದು. ಗೆರೆಯ ಆಚೀಚೆ ಓಟಗಾರ್ತಿಯರು ಜರುಗಿದ್ದೂ ಹಾಗೆಯೇ. ನಮೀಬಿಯಾದ ಕ್ರಿಸ್ಟೀನ್ ಎಂಬೊಮಾ 400 ಬಿಟ್ಟು 200ಕ್ಕೆ ಇಳಿದು ಟೋಕಿಯೊದಲ್ಲಿ ಬೆಳ್ಳಿ ಗೆದ್ದರು. 2023ರ ಮಾರ್ಚ್‌ನಲ್ಲಿ ನಿಯಮ ಎಲ್ಲ ಸ್ಪರ್ಧೆಗಳಿಗೂ ಹಬ್ಬಿತು, ಮಿತಿ 2.5ಕ್ಕೆ ಇಳಿಯಿತು, ಅವಧಿ 24 ತಿಂಗಳಾಯಿತು.

ಸ್ಪೈಕ್ಸ್

ಗೆರೆ ಒರಟಾಗಿದೆ ಅಂತ ಒಪ್ಪೋಣ. ಹಾಗಿದ್ದರೆ ಎಲ್ಲರಿಗೂ ಒಂದೇ ಸಲ ಪರೀಕ್ಷೆ ಮಾಡೋದು ಮುಖ ನೋಡಿ ಸಂಶಯ ಪಡೋದಕ್ಕಿಂತ ಮರ್ಯಾದೆಯದ್ದಲ್ವಾ? ದೂರು ಕೊಡೋ ಕೆಲಸವೇ ಇರಲ್ಲ.

ಹೊಳೆದಂಡೆ

ಕೆನ್ನೆಗೆ ಕಡ್ಡಿ ಆಡಿಸುವ ಹಂತದವರೆಗೆ ಹೌದು, ನಿಮ್ಮ ಮಾತಿನಲ್ಲಿ ಹುರುಳಿದೆ. ಪಾಸಿಟಿವ್ ಬಂದ ಮೇಲೆ ಏನಾಗುತ್ತದೆ ಎಂಬಲ್ಲಿ ಎಲ್ಲರೂ ಸಮಾನರಾಗಿ ಉಳಿಯುವುದಿಲ್ಲ. ಸಂಪೂರ್ಣ ಆಂಡ್ರೊಜನ್ ಅಸಂವೇದನೆ (ಪಟಿನೊ ಅವರಂತೆ ಜೀವಕೋಶಗಳು ಟೆಸ್ಟೋಸ್ಟಿರೋನ್‌ಗೆ ಸ್ಪಂದಿಸದ ಸ್ಥಿತಿ) ಇರುವವರಿಗೆ 2025ರ ನಿಯಮದಲ್ಲೂ ವಿನಾಯಿತಿ ಇದೆ, ಆದರೆ ಅದನ್ನು ತೋರಿಸಲು ಹಾರ್ಮೋನ್ ತಜ್ಞರು, ಜೀನ್ ಅನುಕ್ರಮದ ವರದಿ, ದೈಹಿಕ ತಪಾಸಣೆ ಬೇಕು. ಚಿಕ್ಕಂದಿನಿಂದ ಆಸ್ಪತ್ರೆಗೆ ಹೋದ ಶ್ರೀಮಂತ ದೇಶದ ಹುಡುಗಿಗೆ ಈ ಕಡತ ಹದಿನಾಲ್ಕಕ್ಕೇ ಸಿದ್ಧವಿರುತ್ತದೆ. ತನ್ನ ದೇಹದ ಬಗ್ಗೆ ಮೊದಲ ಸಲ ತಿಳಿಯುವುದೇ ಫೆಡರೇಷನ್ ಪತ್ರದಿಂದ ಎಂಬ ಸ್ಥಿತಿ ಹಳ್ಳಿಯಿಂದ ಬಂದವಳದು. ಪ್ರಯೋಗಾಲಯದಿಂದ ಬಂದ ಫಲಿತಾಂಶ ಯಾರ ಮೇಜಿನ ಮೇಲೆ ಬೀಳುತ್ತದೆ ಎಂಬುದೂ ದೇಶದಿಂದ ದೇಶಕ್ಕೆ ಬೇರೆ.

ಇಲ್ಲಿ ಕ್ರೆನ್ಷಾ ಬೇಕು, ಅಂದರೆ ಲಿಂಗ, ಜನಾಂಗ, ವರ್ಗದಂಥ ತಾರತಮ್ಯಗಳು ಒಟ್ಟಿಗೆ ಹೆಣೆದುಕೊಳ್ಳುವುದನ್ನು ತೋರಿಸಿದ ಚಿಂತಕಿ. ಕಳೆದೆರಡು ದಶಕದಲ್ಲಿ ಹೆಸರು ಬಯಲಾದವರೆಲ್ಲ ಬಹುತೇಕ ಆಫ್ರಿಕಾ, ಏಷ್ಯಾದವರು ಯಾಕೆ ಎಂದು ಲಿಂಗ ಒಂದನ್ನೇ ಹಿಡಿದರೆ ಗೊತ್ತಾಗುವುದಿಲ್ಲ. ಶಾಂತಿ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ದಲಿತ ಕುಟುಂಬದವರು, ಹೆತ್ತವರು ಇಟ್ಟಿಗೆ ಗೂಡಿನ ಕೂಲಿಗಳು. ದ್ಯುತಿ ಒಡಿಶಾದ ನೇಕಾರರ ಮನೆಯ ಮಗಳು. ಇಬ್ಬರ ಪ್ರಕರಣಗಳ ನಡುವೆ ಎಂಟು ವರ್ಷ. ಆ ಎಂಟು ವರ್ಷದಲ್ಲಿ ದ್ಯುತಿಗೆ ಸಿಕ್ಕದ್ದು ಕ್ರೀಡಾ ಪ್ರಾಧಿಕಾರದ ಬೆಂಬಲ, ವಕೀಲರು, ವಾದಿಸಲು ಒಂದು ವೇದಿಕೆ. ಶಾಂತಿಗೆ ಇದ್ಯಾವುದೂ ಇರಲಿಲ್ಲ.

ಇನ್ನೊಂದು ದಾಖಲೆ ಬಿಡಬೇಡಿ. 2013ರಲ್ಲಿ ಫ್ರಾನ್ಸಿನ ವೈದ್ಯರು ಪ್ರಕಟಿಸಿದ ವರದಿಯ ಪ್ರಕಾರ ಅಭಿವೃದ್ಧಿಶೀಲ ದೇಶಗಳ ನಾಲ್ವರು ಯುವ ಕ್ರೀಡಾಪಟುಗಳಿಗೆ ಒಳಗಿದ್ದ ವೃಷಣ ತೆಗೆಯುವ ಶಸ್ತ್ರಚಿಕಿತ್ಸೆ, ಜೊತೆಗೆ ಚಂದ್ರನಾಡಿಯ ಭಾಗ ಕತ್ತರಿಸುವುದೂ ಆಯಿತು. ಆ ಅಂಗಗಳಿಂದ ಆರೋಗ್ಯಕ್ಕೆ ಅಪಾಯವಿರಲಿಲ್ಲ ಎಂದು ವರದಿಯೇ ಒಪ್ಪುತ್ತದೆ. ಎರಡನೆಯದರಿಂದ ಓಟದ ವೇಗಕ್ಕೆ ಯಾವ ಸಂಬಂಧವೂ ಇಲ್ಲ. ವೃಷಣ ತೆಗೆದರೆ ಜೀವನವಿಡೀ ಹಾರ್ಮೋನ್ ಔಷಧ ಬೇಕು, ಇಲ್ಲದಿದ್ದರೆ ಮೂಳೆ ಸವೆಯುತ್ತದೆ. ಆ ಔಷಧದ ಖರ್ಚು ಯಾರದು ಎಂಬುದೂ ಕೇಳಬೇಕಾದ ಪ್ರಶ್ನೆ.

ಅರ್ಧಶತಕ

ಅಧಿಕಾರ ಅಂದರೆ ಹಾರ್ಮೋನ್ ಒಂದೇನಾ? ದುಡ್ಡಿನ ವಿಷಯ ಯಾಕೆ ಬೇಡ? ಬಿಸಿಸಿಐ 2022ರ ಅಕ್ಟೋಬರ್‌ನಲ್ಲಿ ಪಂದ್ಯಶುಲ್ಕ ಸಮ ಮಾಡಿತು: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6, ಟಿ20ಗೆ 3. ವಾರ್ಷಿಕ ಗುತ್ತಿಗೆ ಮಾತ್ರ ಆಗ ಮಹಿಳೆಯರ ಎ ದರ್ಜೆಗೆ 50 ಲಕ್ಷ, ಪುರುಷರ ಎ ಪ್ಲಸ್‌ಗೆ 7 ಕೋಟಿ. ಟೆಸ್ಟ್‌ಗೆ 15 ಲಕ್ಷ ಅಂದರೂ ಮಹಿಳೆಯರಿಗೆ ವರ್ಷಕ್ಕೆ ಟೆಸ್ಟ್ ಎಷ್ಟು ಸಿಗುತ್ತೆ ಹೇಳಿ.

ಮಾಡರೇಟರ್

ಒಳ್ಳೆಯ ವಿಷಯ, ಆದರೆ ಇದಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಪರೀಕ್ಷೆಯ ಚರ್ಚೆಯೇ ಮುಂದುವರಿಯಲಿ.

ಸಂಜೆಓದು

ಎಲ್ಲರಿಗೂ ಧನ್ಯವಾದ. ವಾದವನ್ನು ಹೀಗೆ ಕಟ್ಟಬಹುದೇ: "ಮಿತಿಯ ಅಂಕಿಗಿಂತ ಮುಖ್ಯವಾದದ್ದು ಪರೀಕ್ಷೆಗೆ ಯಾರನ್ನು ಕರೆಯುತ್ತಾರೆ, ಪುರಾವೆಯ ಹೊಣೆ ಯಾರ ಮೇಲೆ ಬೀಳುತ್ತದೆ, ಫಲಿತಾಂಶದ ಬೆಲೆಯನ್ನು ಯಾವ ದೇಹ ತೆರುತ್ತದೆ ಎಂಬ ಮೂರು ನಿರ್ಧಾರಗಳು. ಅಧಿಕಾರ ಇರುವುದು ಅಲ್ಲಿ." 20 ನಿಮಿಷವನ್ನು ಹೇಗೆ ಹಂಚಲಿ?

ಮೂರನೇಬೆಂಚು

ಈಗ ಇದನ್ನು ಯಾರಾದರೂ ಅಲ್ಲಗಳೆಯಬಹುದು, ಅಂದರೆ ವಾದವಾಯಿತು. ಚರಿತ್ರೆಗೆ 3 ನಿಮಿಷ, ಬುಡಾಪೆಸ್ಟ್, ಪಟಿನೊ, ಅಟ್ಲಾಂಟಾ ಮಾತ್ರ. "ಯಾರನ್ನು ಕರೆಯುತ್ತಾರೆ" ಎಂಬುದಕ್ಕೆ 5, ಫೂಕೋ ಮತ್ತು ಬೂರ್ದಿಯೋ ಅಲ್ಲಿ. ಪುರಾವೆಯ ಹೊಣೆಗೆ 5, ಎರಡು ತೀರ್ಪು ಮತ್ತು ಪಿ_ಮೌಲ್ಯ ಅವರ ಐದು ಸ್ಪರ್ಧೆಗಳ ಪಟ್ಟಿ. ದೇಹದ ಬೆಲೆಗೆ 4, ಕ್ರೆನ್ಷಾ ಜೊತೆ. ಉಳಿದ 3 ನಿಮಿಷ ಸ್ಪೈಕ್ಸ್ ಅವರ ಆಕ್ಷೇಪಕ್ಕೆ, ಅದನ್ನು ಯಾರೂ ಕೇಳುವ ಮೊದಲೇ ನೀವೇ ಎತ್ತಿ. 2025ರ ಸಾರ್ವತ್ರಿಕ ಪರೀಕ್ಷೆ ಸಂಶಯದ ನೋಟವನ್ನು ತೆಗೆದುಹಾಕುತ್ತದೆಯೋ, ಎರಡನೇ ಹಂತಕ್ಕೆ ದೂಡುತ್ತದೆಯೋ ಎಂಬಲ್ಲಿ ಪ್ರಶ್ನೆ ತೆರೆದೇ ಇರಲಿ. ಅಲ್ಲಿ ಇನ್ನೂ ಕೆಲಸ ಆಗಬೇಕಿದೆ.

ಕಲಮು

ಸ್ಲೈಡ್ ಮಾಡುವಾಗ ಒಂದು ಎಚ್ಚರ. 2019ರ ತೀರ್ಪಿನ ಸಾರ್ವಜನಿಕ ಪ್ರತಿಯಲ್ಲಿ ಸೆಮೆನ್ಯಾ ಅವರ ವೈದ್ಯಕೀಯ ವಿವರಗಳಿರುವ ಸಾಲುಗಳಿಗೆ ಕಪ್ಪು ಬಳಿದಿದ್ದಾರೆ. ಆ ಖಾಲಿ ಜಾಗಗಳನ್ನು ಪತ್ರಿಕೆಯ ಊಹೆಗಳಿಂದ ತುಂಬಬೇಡಿ. ನಿಮ್ಮ ವಾದಕ್ಕೆ ಅವರ ಹಾರ್ಮೋನ್ ಮಟ್ಟ ಎಷ್ಟಿತ್ತು ಎಂಬುದು ಬೇಕಾಗಿಯೂ ಇಲ್ಲ, ನಿಯಮದ ಅಂಕಿ ಸಾಕು. ಮಾನ ಬರೆಯಲು ಮಾತ್ರ ಮರೆಯಬೇಡಿ, ರಕ್ತಮಾದರಿ ಅವರು ಸುಮ್ಮನೆ ಬಿಡುವುದಿಲ್ಲ.